ಅಮ್ಮ ಹುಡುಕದಿದ್ದ ವೀಡಿಯೊ ಅಮ್ಮನ ಫೋನಿಗೆ ಬಂದದ್ದು ಹೇಗೆ? ತಿಳಿದವರು ಹೇಳಿ

ನೀರ್ಚಾಲಿನ ಮಗಳು:

ನಾವು ಕೇರಳದ ಕಾಸರಗೋಡು ಕಡೆಯ ಕನ್ನಡಿಗರು. ನನ್ನ ಅಮ್ಮನಿಗೆ ಅರುವತ್ತೆಂಟು ವರ್ಷ; ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. 2020ರಲ್ಲಿ ಕೋವಿಡಿನಿಂದಾಗಿ ಯಕ್ಷಗಾನದ ಆಟಗಳೆಲ್ಲ ನಿಂತು, ಮನೆಯಿಂದ ಹೊರಗೆ ಕಾಲಿಡಲಾಗದ ಸಮಯದಲ್ಲಿ ತಮ್ಮ ಅವರಿಗೊಂದು ಸ್ಮಾರ್ಟ್‌ಫೋನ್ ತಂದುಕೊಟ್ಟ. ಮೊದಮೊದಲು ತಾಳಮದ್ದಳೆ, ಭಜನೆ, ಹಲಸಿನ ಹಪ್ಪಳದ ವೀಡಿಯೊ ಬಿಟ್ಟು ಬೇರೇನನ್ನೂ ಅವರು ನೋಡುತ್ತಿರಲಿಲ್ಲ. ಹಪ್ಪಳದಿಂದ ಮನೆಮದ್ದಿಗೆ, ಮನೆಮದ್ದಿನಿಂದ ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕಿತ್ತುಹಾಕುವ ಕಷಾಯಕ್ಕೆ, ಅಲ್ಲಿಂದ ‘ಮಾತ್ರೆಯೇ ನಿಮ್ಮ ಕಿಡ್ನಿಯನ್ನು ತಿನ್ನುತ್ತಿದೆ’ ಎಂಬ ಮಾತಿಗೆ ಅವರು ಯಾವಾಗ ತಲುಪಿದರೆಂಬುದು ಒಂದೇ ಮನೆಯಲ್ಲಿದ್ದ ನಮಗೆ ಯಾರಿಗೂ ತಿಳಿಯಲಿಲ್ಲ.

ಕಳೆದ ಮಳೆಗಾಲದಲ್ಲಿ ಕಾಲಿನ ಹೆಬ್ಬೆರಳಿಗೆ ಕಲ್ಲು ತಾಗಿ ಆದ ಗಾಯ ಮೂರು ವಾರವಾದರೂ ಒಣಗಲಿಲ್ಲ. ಮಂಗಳೂರಿಗೆ ಕರೆದುಕೊಂಡು ಹೋದಾಗ ಡಾಕ್ಟರು ಮಾತ್ರೆಯ ಬಗ್ಗೆ ಕೇಳಿದರು. ಅಮ್ಮ ತಲೆ ತಗ್ಗಿಸಿ ಕುಳಿತರು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದೆವು. ಬೆರಳು ಉಳಿಯಿತು.

ಮನೆಗೆ ಬಂದ ಮೇಲೆ ಅವರ ಹಾಸಿಗೆಯ ಅಡಿಯಲ್ಲಿ ಒಂದು ಹಳೆಯ ಲೆಕ್ಕದ ಪುಸ್ತಕ ಸಿಕ್ಕಿತು. ಅಡಿಕೆ ಕೊಯ್ಲಿನ ಕೂಲಿಯ ಲೆಕ್ಕ ಮುಗಿದ ಮೇಲಿನ ಖಾಲಿ ಪುಟಗಳಲ್ಲಿ, ಅವರ ದುಂಡಗಿನ ಅಕ್ಷರದಲ್ಲಿ, ಒಂದರಿಂದ ನಲುವತ್ತೊಂದರವರೆಗೆ ಅಂಕೆಗಳು. ಒಂದೊಂದರ ಮುಂದೆಯೂ ಬೆಳಗ್ಗೆ, ಸಂಜೆ ಎಂದು ಎರಡೆರಡು ಗೀಟುಗಳು. ಕಷಾಯ ಕುಡಿದ ಲೆಕ್ಕವದು. ಮೂವತ್ತೇಳರವರೆಗೆ ಗೀಟು ಬಿದ್ದಿತ್ತು. ಮಂಚದ ಕೆಳಗೆ ಪುಡಿಯ ಡಬ್ಬಿಗಳೂ ಇದ್ದವು. ಪಾರ್ಸೆಲ್ ಬಂದಾಗ ಹಣ ಕೊಟ್ಟು ತೆಗೆದುಕೊಂಡದ್ದಂತೆ.

ಅಮ್ಮನಿಗೆ ಫೋನಿನಲ್ಲಿ ಟೈಪು ಮಾಡಲು ಬರುವುದಿಲ್ಲ; ಅವರು ಏನನ್ನೂ ಹುಡುಕಿದವರಲ್ಲ. ಹಾಗಿರುವಾಗ ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಫೋನಿಗೆ ಹೇಗೆ ಗೊತ್ತಾಯಿತು? ಫೋನನ್ನು ಕಿತ್ತುಕೊಳ್ಳದೆ ಇದನ್ನು ನಿಲ್ಲಿಸಲು ದಾರಿ ಇದೆಯೇ? ಅವರನ್ನು ಬೈಯುವ ಮಾತು ದಯವಿಟ್ಟು ಬೇಡ, ಅದನ್ನು ನಾನೇ ಬೇಕಾದಷ್ಟು ಮಾಡಿ ಈಗ ಸಂಕಟಪಡುತ್ತಿದ್ದೇನೆ.

ಪೆರ್ಲದ ಕೃಷಿಕ:

ಫೋನು ನಮ್ಮ ಮಾತನ್ನು ಕದ್ದು ಕೇಳುತ್ತದೆ, ಇದರಲ್ಲಿ ಸಂಶಯವೇ ಬೇಡ. ಮೊನ್ನೆ ಅಣ್ಣನೊಡನೆ ಪಂಪಿನ ವಿಷಯ ಮಾತಾಡಿದೆ, ಸಂಜೆಗೆ ಪಂಪಿನ ಜಾಹೀರಾತು ಬಂತು.

ಮುಳ್ಳೇರಿಯ ಮೂಲದವನು, ಈಗ ಬೆಂಗಳೂರು:

ಕೃಷಿಕರೇ, ಇದು ಎಲ್ಲರೂ ಹೇಳುವ ಮಾತಾದರೂ ಇದಕ್ಕೆ ಪುರಾವೆ ಸಿಕ್ಕಿಲ್ಲ. 2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು ಹದಿನೇಳು ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆಪ್‌ಗಳನ್ನು ಪರೀಕ್ಷಿಸಿದಾಗ ಮಾತನ್ನು ಗುಟ್ಟಾಗಿ ಧ್ವನಿಮುದ್ರಿಸಿ ಕಳುಹಿಸಿದ್ದು ಒಂದರಲ್ಲಿಯೂ ಕಾಣಲಿಲ್ಲ. ಪರದೆಯ ಮೇಲೆ ನಡೆಯುವುದನ್ನು ಚಿತ್ರೀಕರಿಸಿ ಬೇರೆ ಕಂಪೆನಿಗೆ ರವಾನಿಸುತ್ತಿದ್ದ ಆಪ್‌ ಮಾತ್ರ ಸಿಕ್ಕಿತು. ಕದ್ದು ಕೇಳಬೇಕಾದ ಅಗತ್ಯವೇ ಅವರಿಗಿಲ್ಲ. ನಿಮ್ಮ ಅಣ್ಣ ಪಂಪಿನ ಬೆಲೆಯನ್ನು ಗೂಗಲಿನಲ್ಲಿ ನೋಡಿರುತ್ತಾರೆ, ನೀವಿಬ್ಬರೂ ಒಂದೇ ವೈಫೈಯಲ್ಲಿರುತ್ತೀರಿ, ನಿಮ್ಮ ಫೋನುಗಳು ರಾತ್ರಿ ಒಂದೇ ಜಾಗದಲ್ಲಿ ಮಲಗುತ್ತವೆ. ಜಾಹೀರಾತು ಹಂಚುವವರಿಗೆ ಇಷ್ಟು ಧಾರಾಳ ಸಾಕು.

ಅಕ್ಕಾ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಂಥ ವ್ಯವಸ್ಥೆಗಳನ್ನು ಕಟ್ಟುವ ಕೆಲಸದ ಹತ್ತಿರ ನಾನಿದ್ದೇನೆ, ಆದ್ದರಿಂದ ತುಸು ವಿವರವಾಗಿಯೇ ಹೇಳುತ್ತೇನೆ. ನಿಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಲ್ಗಾರಿದಮ್ಮಿಗೆ, ಅಂದರೆ ಯಾರಿಗೆ ಏನನ್ನು ತೋರಿಸಬೇಕೆಂದು ಆರಿಸುವ ಯಂತ್ರದ ಲೆಕ್ಕಾಚಾರಕ್ಕೆ, ಯಾರೂ ಹೇಳಿರಬೇಕಾಗಿಲ್ಲ. ಹಪ್ಪಳದ ವೀಡಿಯೊ ಮುಗಿದ ಕೂಡಲೇ ಕೆಳಗೆ ಹತ್ತು ಚಿತ್ರಗಳು ಬರುತ್ತವೆ; ಅಮ್ಮ ಒಂದರ ಮೇಲೆ ಬೆರಳಿಡುತ್ತಾರೆ, ಮೂರನ್ನು ತಳ್ಳುತ್ತಾರೆ, ಒಂದನ್ನು ಕೊನೆಯವರೆಗೆ ನೋಡುತ್ತಾರೆ. ಹಾಗೆ ನೋಡಿದವರು ಮುಂದೆ ಏನನ್ನು ನೋಡಿದರೆಂಬ ಲೆಕ್ಕ ಕೋಟ್ಯಂತರ ಜನರದ್ದು ಅದರ ಬಳಿ ಇದೆ. ಹಪ್ಪಳ ಮತ್ತು ಭಜನೆ ನೋಡುವ ಸಾವಿರಾರು ಅಮ್ಮಂದಿರು ಮಂಡಿನೋವು, ಬಿಪಿ, ಸಕ್ಕರೆ ಕಾಯಿಲೆಯ ವೀಡಿಯೊಗಳಲ್ಲಿ ಹೆಚ್ಚು ಹೊತ್ತು ನಿಂತಿದ್ದಾರೆ, ಆದ್ದರಿಂದ ಇವರಿಗೂ ಒಂದನ್ನು ಇಟ್ಟು ನೋಡುತ್ತದೆ. ಸಕ್ಕರೆಯದ್ದರಲ್ಲಿ ಇವರು ನಿಂತರು. ಗಾಳಕ್ಕೆ ಮೀನು ತಾಗಿದ್ದು ಅದಕ್ಕೆ ಆಗಲೇ ತಿಳಿಯಿತು. ಟೈಪು ಮಾಡಲು ಬಾರದವರೂ ಬೆರಳನ್ನು ನಿಲ್ಲಿಸುತ್ತಾರಲ್ಲ, ಅದೇ ಅವರು ಕೊಟ್ಟ ಉತ್ತರ.

ಯೂಟ್ಯೂಬ್ 2012ರಲ್ಲಿ, ಎಷ್ಟು ಜನ ಒತ್ತಿದರೆಂಬುದನ್ನು ಬಿಟ್ಟು ಎಷ್ಟು ಹೊತ್ತು ನೋಡಿದರೆಂಬುದನ್ನು ಮುಖ್ಯ ಅಳತೆಯಾಗಿ ಹಿಡಿಯಿತು. ಜನ ಅದರಲ್ಲಿ ಕಳೆಯುವ ಹೊತ್ತಿನ ಶೇ. 70ಕ್ಕೂ ಹೆಚ್ಚು ಭಾಗ ಅದೇ ಸೂಚಿಸಿದ ವೀಡಿಯೊಗಳಿಂದ ಬರುತ್ತದೆಯೆಂದು 2018ರ ಆರಂಭದಲ್ಲಿ ಕಂಪೆನಿಯ ಹಿರಿಯ ಅಧಿಕಾರಿಯೇ ಹೇಳಿದ್ದರು. ‘ಈ ಮಾತ್ರೆಯನ್ನು ಡಾಕ್ಟರು ಹೇಳಿದಂತೆ ತಪ್ಪದೆ ತೆಗೆದುಕೊಳ್ಳಿ’ ಎಂಬ ಮಾತಿಗೆ ಅರ್ಧ ನಿಮಿಷ ಸಾಕು. ‘ಡಾಕ್ಟರು ನಿಮ್ಮಿಂದ ಮುಚ್ಚಿಟ್ಟ ಸತ್ಯ’ವನ್ನು ಇಪ್ಪತ್ತು ನಿಮಿಷ ಎಳೆಯಬಹುದು. ಹೊತ್ತನ್ನು ಅಳೆಯುವ ತಕ್ಕಡಿಯಲ್ಲಿ ಎರಡನೆಯದೇ ತೂಗುತ್ತದೆ.

ಪೆರ್ಲದ ಕೃಷಿಕ:

ಅಣ್ಣನನ್ನು ಕೇಳಿದೆ. ಪಂಪಿನ ಬೆಲೆ ನೋಡಿದ್ದು ಹೌದಂತೆ. ಹಾಗಿದ್ದರೂ ನನ್ನ ಸಂಶಯ ಪೂರ್ತಿ ಹೋಗಿಲ್ಲ.

ಬದಿಯಡ್ಕದ ಆಶಾ ಕಾರ್ಯಕರ್ತೆ:

ಮಗಳೇ, ನಿಮ್ಮ ಅಮ್ಮನಂಥವರ ಮನೆಗಳಿಗೆ ನಾನು ವಾರಕ್ಕೆ ಐದಾರು ಬಾರಿ ಹೋಗುತ್ತೇನೆ. 2017ರಲ್ಲಿ ದಡಾರ–ರುಬೆಲ್ಲಾ ಲಸಿಕೆ ಕೊಡುವಾಗ ಕೇರಳದಲ್ಲಿ ಹಬ್ಬಿದ ಸುಳ್ಳುಗಳನ್ನು ಬಿಡಿಸಿ ಹೇಳುವಷ್ಟರಲ್ಲಿ ನಮಗೆ ಸಾಕುಸಾಕಾಗಿತ್ತು. ಮಕ್ಕಳಾಗದಂತೆ ಮಾಡುವ ಲಸಿಕೆ ಇದು ಎಂದು ಬಾಗಿಲು ಹಾಕಿಕೊಂಡವರಿದ್ದರು. ಮರುವರ್ಷ ಕೋಝಿಕ್ಕೋಡು, ಮಲಪ್ಪುರಂ ಕಡೆ ನಿಪಾ ಬಂದಾಗ ಇಷ್ಟು ದೂರದ ನಮ್ಮಲ್ಲಿಯೂ ಕೋಳಿ ತಿನ್ನಬಾರದೆಂಬ ಸುದ್ದಿ ಓಡಾಡಿತು. ಆಗೆಲ್ಲ ಒಂದೇ ಸುಳ್ಳು ಎಲ್ಲರ ಫೋನಿನಲ್ಲಿಯೂ ಇರುತ್ತಿತ್ತು, ಆದ್ದರಿಂದ ಒಂದು ಸಭೆ ಕರೆದು ಉತ್ತರ ಕೊಡಬಹುದಿತ್ತು. ಈಗ ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು ಸುಳ್ಳು ಇದೆ. ಗರ್ಭಿಣಿಗೆ ಬೇರೆ, ಅವಳ ಅತ್ತೆಗೆ ಬೇರೆ, ಕುಡಿತ ಬಿಡಲು ಹೊರಟ ಗಂಡನಿಗೆ ಬೇರೆ. ಒಳಗೆ ಹೋಗಿ ಪಕ್ಕದಲ್ಲಿ ಕುಳಿತು ‘ಏನು ನೋಡುತ್ತಿದ್ದೀರಿ, ನನಗೂ ತೋರಿಸಿ’ ಎಂದು ಕೇಳಿದರೆ ಮಾತ್ರ ತಿಳಿಯುತ್ತದೆ, ಅದಕ್ಕೆ ಸಮಯವೆಲ್ಲಿದೆ?

ಕುಂಬಳೆಯವನು:

ನೀವೆಲ್ಲ ಅಲ್ಗಾರಿದಮ್ ಎಂದು ಸುತ್ತಿ ಬಳಸಿ ಹೇಳುತ್ತಿದ್ದೀರಿ. ನಮ್ಮೂರಲ್ಲಿ ಸುಳ್ಳು ಹಬ್ಬುವುದು ವಾಟ್ಸಾಪಿನ ಕುಟುಂಬದ ಗುಂಪುಗಳಲ್ಲಿ, ಅದರಲ್ಲಿ ಯಾವ ಅಲ್ಗಾರಿದಮ್ಮೂ ಇಲ್ಲ. ಕಳುಹಿಸುವವರು ನಮ್ಮ ಮಾವ, ನಮ್ಮ ಚಿಕ್ಕಮ್ಮ.

ಮುಳ್ಳೇರಿಯ ಮೂಲದವನು, ಈಗ ಬೆಂಗಳೂರು:

ಅರ್ಧ ನಿಜ. ವಾಟ್ಸಾಪಿನ ಗುಂಪುಗಳಲ್ಲಿ ಸಂದೇಶಗಳು ಬಂದ ಕ್ರಮದಲ್ಲಿಯೇ ಇರುತ್ತವೆ, ಯಾವುದನ್ನು ಮೇಲಿಡಬೇಕೆಂದು ಅದು ಆರಿಸುವುದಿಲ್ಲ. ಫಾರ್ವರ್ಡಿನ ಕಾಟ ವಿಪರೀತವಾದಾಗ 2018ರಲ್ಲಿ ಮೊದಲು ಭಾರತದಲ್ಲಿಯೇ ಅದನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಿತಿಗೊಳಿಸಿದರು. 2020ರ ಏಪ್ರಿಲಿನಲ್ಲಿ, ಹಲವು ಬಾರಿ ಫಾರ್ವರ್ಡ್ ಆದದ್ದನ್ನು ಒಂದೇ ಚಾಟಿಗೆ ಎಂದು ಮಾಡಿದರು. ಆದರೆ ನಿಮ್ಮ ಮಾವನಿಗೆ ಆ ವೀಡಿಯೊ ಸಿಕ್ಕಿದ್ದು ಎಲ್ಲಿ? ಬಹುಪಾಲು ಯೂಟ್ಯೂಬಿನಲ್ಲಿ, ಫೇಸ್‌ಬುಕ್ಕಿನಲ್ಲಿ. ತೋಡಿನ ನೀರು ಮನೆಯಂಗಳಕ್ಕೆ ಬಂದಿದೆಯೆಂದು ಅಂಗಳವನ್ನಷ್ಟೇ ದೂರಿದರೆ ಆಗುವುದಿಲ್ಲ.

ಅಕ್ಕಲಕೋಟೆಯಿಂದ:

ನಾನು ಸೊಲ್ಲಾಪುರ ಜಿಲ್ಲೆಯ ಕನ್ನಡಿಗ, ನಿಮ್ಮ ಕಡೆಯವನಲ್ಲ. ಕುಂಬಳೆಯವರ ಮಾತನ್ನು ತಳ್ಳಿಹಾಕಬೇಡಿ. 2018ರ ಜುಲೈಯಲ್ಲಿ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂದು ಐವರನ್ನು ಹೊಡೆದು ಕೊಂದರು. ಅದೇ ತಿಂಗಳು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೆಟ್ ಕೊಟ್ಟ ಕಾರಣಕ್ಕೆ ಹೈದರಾಬಾದಿನ ಯುವಕನೊಬ್ಬನ ಪ್ರಾಣ ಹೋಯಿತು. ಆ ಕಾಲದಲ್ಲಿ ಓಡಾಡಿದ ವೀಡಿಯೊಗಳಲ್ಲೊಂದು, ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವುದು, ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ಹಿಂತಿರುಗಿ ಬಿಟ್ಟು ಫಲಕ ತೋರಿಸುತ್ತಾರೆ. ಆ ಭಾಗವನ್ನು ಕತ್ತರಿಸಿ ಹಂಚಿದ್ದರು. ಕತ್ತರಿಸಿದವನು ಮನುಷ್ಯ, ಹಂಚಿದವರೂ ಮನುಷ್ಯರು. ನಮ್ಮೂರಲ್ಲಿ ಆ ದಿನಗಳಲ್ಲಿ ಹಳೆಯ ಪಾತ್ರೆ ಕೊಳ್ಳುವವರು ಊರೊಳಗೆ ಬರಲು ಹೆದರಿದ್ದು ನನಗೆ ಚೆನ್ನಾಗಿ ನೆನಪಿದೆ.

ಕಾಲೇಜು ವಿದ್ಯಾರ್ಥಿ, ಕಾಸರಗೋಡು:

ಅಕ್ಕಲಕೋಟೆಯವರ ಮಾತಿಗೆ ಬಲ ಕೊಡುವ ಅಧ್ಯಯನವಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2006ರಿಂದ 2017ರವರೆಗೆ ಟ್ವಿಟರಿನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳ ಜಾಡು ಹಿಡಿದು 2018ರಲ್ಲಿ ಪ್ರಕಟಿಸಿದರು. 1,500 ಜನರನ್ನು ತಲುಪಲು ನಿಜ ಸುದ್ದಿಗೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಹೊತ್ತು ಬೇಕಾಯಿತು. ಈ ವ್ಯತ್ಯಾಸಕ್ಕೆ ಯಂತ್ರದ ಖಾತೆಗಳಲ್ಲ, ಮನುಷ್ಯರೇ ಕಾರಣರೆಂದು ಅವರು ಕಂಡುಕೊಂಡರು. ಇನ್ನೊಂದು ವಿಷಯ: 2020ರ ಅಮೆರಿಕದ ಚುನಾವಣೆಯ ಸಮಯದಲ್ಲಿ ಕೆಲವರ ಫೇಸ್‌ಬುಕ್ ಫೀಡನ್ನು, ಅಂದರೆ ತೆರೆದ ಕೂಡಲೇ ಸಾಲಾಗಿ ಕಾಣುವ ಬರೆಹಗಳನ್ನು, ಬರೇ ಸಮಯದ ಕ್ರಮಕ್ಕೆ ಬದಲಿಸಿ ನೋಡಿದರು. ಜನ ಕಡಿಮೆ ಹೊತ್ತು ಕಳೆದರು ನಿಜ, ಆದರೆ ನಂಬಲಾಗದ ಮೂಲಗಳ ಪಾಲು ಹೆಚ್ಚಾಯಿತು, ಮೂರು ತಿಂಗಳಲ್ಲಿ ಅಭಿಪ್ರಾಯಗಳೇನೂ ಬದಲಾಗಲಿಲ್ಲ. ಅಲ್ಗಾರಿದಮ್ ತೆಗೆದರೆ ಎಲ್ಲ ಸರಿಹೋಗುತ್ತದೆ ಎನ್ನಲು ಸಾಧ್ಯವಿಲ್ಲ.

ಮುಳ್ಳೇರಿಯ ಮೂಲದವನು, ಈಗ ಬೆಂಗಳೂರು:

ಎರಡನ್ನೂ ಒಪ್ಪುತ್ತೇನೆ. ಆದರೆ ಮನುಷ್ಯನ ಚಪಲವನ್ನು ಗುರುತಿಸಿ ಅದಕ್ಕೆ ಬಹುಮಾನ ಕೊಟ್ಟವರು ಯಾರೆಂದು ಕೇಳಬೇಡವೇ? ಫೇಸ್‌ಬುಕ್ 2017ರಿಂದ ಕೋಪದ ಮುಖ ಸೇರಿದಂತೆ ಹೊಸ ಎಮೋಜಿಗಳಿಗೆ ಲೈಕಿನ ಐದು ಪಟ್ಟು ಅಂಕ ಕೊಡುತ್ತಿತ್ತು. ಕೋಪ ಬರಿಸುವ ಬರೆಹಗಳಲ್ಲಿ ಸುಳ್ಳು ಹೆಚ್ಚೆಂದು ಒಳಗಿನವರೇ ಎಚ್ಚರಿಸಿದ ಮೇಲೆ, 2020ರಲ್ಲಿ ಆ ಮುಖದ ಅಂಕವನ್ನು ಸೊನ್ನೆ ಮಾಡಿದರು. 2021ರಲ್ಲಿ ಅಲ್ಲಿ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗನ್ ಒಳಗಿನ ಕಡತಗಳನ್ನು ಹೊರಗೆ ತಂದದ್ದರಿಂದ ನಮಗಿದು ತಿಳಿಯಿತು. ಅಷ್ಟು ಕಾಲ ಸಿಟ್ಟಿಗೆ ಲೈಕಿಗಿಂತ ಹೆಚ್ಚು ಬೆಲೆ ಸಿಕ್ಕಿತ್ತು ಎಂದರೆ ಬರೆಯುವವರು ಏನನ್ನು ಬರೆಯಲು ಕಲಿತಿರಬಹುದು?

ಉಪ್ಪಳದ ಅಂಗಡಿಯವನು:

ನನ್ನ ಬಳಿ ಎರಡು ಫೋನುಗಳಿವೆ. ಮನೆಯದ್ದು ಕನ್ನಡದಲ್ಲಿದೆ, ಅಂಗಡಿಯದ್ದು ಮಲೆಯಾಳದಲ್ಲಿದೆ. ಒಂದೇ ಮೇಜಿನ ಮೇಲೆ, ಒಂದೇ ವೈಫೈಯಲ್ಲಿ ಎರಡನ್ನೂ ತೆರೆದಿಟ್ಟರೆ ಎರಡು ಬೇರೆ ದೇಶಗಳ ಸುದ್ದಿ ನೋಡಿದಂತಾಗುತ್ತದೆ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಕನ್ನಡದ ಫೋನಿನಲ್ಲಿ ಕಾಸರಗೋಡಿನವರು ರೋಗ ತರುತ್ತಾರೆಂದು ಬರುತ್ತಿತ್ತು, ಮಲೆಯಾಳದ ಫೋನಿನಲ್ಲಿ ಕರ್ನಾಟಕದವರು ನಮ್ಮನ್ನು ಸಾಯಲು ಬಿಟ್ಟಿದ್ದಾರೆಂದು ಬರುತ್ತಿತ್ತು. ಆಸ್ಪತ್ರೆ ತಲುಪಲಾಗದೆ ಜನ ತೀರಿಕೊಂಡದ್ದು ನಿಜ, ರೋಗ ಇದ್ದದ್ದೂ ನಿಜ. ಆದರೆ ಪ್ರತಿಯೊಂದಕ್ಕೂ ನಾಲ್ಕು ಸುಳ್ಳುಗಳು ಅಂಟಿಕೊಂಡು ಬರುತ್ತಿದ್ದವು. ನಾನು ಗಡಿಯ ತಲಪಾಡಿಯಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಕುಳಿತು, ಎರಡೂ ಫೋನುಗಳಲ್ಲಿ ನನ್ನನ್ನೇ ಬೈಯುವುದನ್ನು ಓದುತ್ತಿದ್ದೆ.

ಅಕ್ಷಯ ಕೇಂದ್ರದಲ್ಲಿ ಕೆಲಸ:

ಉಪ್ಪಳದವರು ಹೇಳಿದ ವಿಷಯವೇ ನಮ್ಮ ಗಡಿನಾಡಿನ ಗಂಟು ಎಂದು ನನಗೆ ಅನಿಸುತ್ತದೆ. ಫೀಡು ನಮಗೆ ಭಾಷೆಯನ್ನು ನೋಡಿ ಸುದ್ದಿ ಕೊಡುತ್ತದೆ, ಆದರೆ ನಮ್ಮ ರೇಶನ್ ಕಾರ್ಡು, ಭೂಮಿ, ಪಿಂಚಣಿ ಎಲ್ಲವೂ ಕೇರಳದ ಕಾನೂನಿನಲ್ಲಿವೆ. 2023ರಲ್ಲಿ ಕರ್ನಾಟಕ ಸರಕಾರ ಗೃಹಲಕ್ಷ್ಮಿ ಎಂದು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡಲು ತೊಡಗಿದಾಗ, ಆ ಹಣ ತಮಗೂ ಇದೆಯೆಂದು ನಂಬಿ ಹೆಂಗಸರು, ಸರಕಾರಿ ಸೇವೆಗಳಿಗೆ ಅರ್ಜಿ ಹಾಕಿಕೊಡುವ ನಮ್ಮ ಕೇಂದ್ರಕ್ಕೆ ಬಂದರು. ಫೋನಿನಲ್ಲಿ ಕನ್ನಡದಲ್ಲಿ ಬಂದಿದೆ, ‘ಎಲ್ಲ ಮಹಿಳೆಯರಿಗೆ’ ಎಂದಿದೆ, ಕೆಳಗೊಂದು ಲಿಂಕೂ ಇದೆ. ಒಬ್ಬರು ಅದರಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವನ್ನೂ ತುಂಬಿ, ಓಟಿಪಿ ಬಂದಿಲ್ಲವೆಂದು ಕೇಳಲು ನನ್ನಲ್ಲಿಗೆ ಬಂದಿದ್ದರು. ಆ ಓಟಿಪಿ ಬಾರದಿದ್ದದ್ದರಿಂದಲೇ ಅವರ ಹಣ ಉಳಿಯಿತು. ಪಹಣಿಗೆ ಆಧಾರ್ ಜೋಡಿಸದಿದ್ದರೆ ಜಮೀನು ಹೋಗುತ್ತದೆಯೆಂದು ಹೆದರಿ ಬಂದ ಹಿರಿಯರೂ ಇದ್ದಾರೆ; ನಮ್ಮಲ್ಲಿ ಪಹಣಿಯೇ ಇಲ್ಲ, ಕೇರಳದ ಜಮೀನು ದಾಖಲೆಯಾದ ತಂಡಪೇರು ಇರುವುದು ಎಂದು ಅವರಿಗೆ ಎಷ್ಟು ಹೇಳಿದರೂ ಸಮಾಧಾನವಾಗಲಿಲ್ಲ.

ಮಂಜೇಶ್ವರದ ನಿವೃತ್ತ ಅಧ್ಯಾಪಕ:

ಇದನ್ನು ಓದಿ ನನ್ನ ಮನಸ್ಸು ಭಾರವಾಯಿತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದಾಗ ನಾನು ಒಂದನೆಯ ತರಗತಿಯಲ್ಲಿದ್ದೆ. ಸರಕಾರದ ಕಚೇರಿಗಳೊಡನೆ ಕನ್ನಡ ಅಲ್ಪಸಂಖ್ಯಾತರು ಕನ್ನಡದಲ್ಲಿಯೇ ವ್ಯವಹರಿಸಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯೇ ಹೇಳಿತ್ತು. ಆದರೆ ಜ್ವರ ಬಂದಾಗ, ನೆರೆ ಬಂದಾಗ ಹೊರಡುವ ಸೂಚನೆ ನನ್ನ ಕೈಗೆ ಮಲೆಯಾಳದಲ್ಲಿ ಸಿಗುತ್ತದೆ, ಕನ್ನಡದ್ದು ಬರುವಷ್ಟರಲ್ಲಿ ಮಳೆ ಬಿಟ್ಟಿರುತ್ತದೆ. ಸುಳ್ಳು ಮಾತ್ರ ಕೂಡಲೇ ಶುದ್ಧ ಕನ್ನಡದಲ್ಲಿ ಬರುತ್ತದೆ. ನಿಮ್ಮ ತಾಯಿಯವರು ಕನ್ನಡದಲ್ಲಿ ಮಾತಾಡಿದವನನ್ನು ನಂಬಿದರು, ಏಕೆಂದರೆ ಆ ವಿಷಯದಲ್ಲಿ ಅವರೊಡನೆ ಕನ್ನಡದಲ್ಲಿ ನಿಧಾನವಾಗಿ ಮಾತಾಡಿದವನು ಅವನೊಬ್ಬನೇ.

ಕುಂಬಳೆಯವನು:

ಮಾಸ್ತರರೇ, ಎಲ್ಲದಕ್ಕೂ ಭಾಷೆಯ ವಿಷಯ ತರಬೇಡಿ. ಮಲೆಯಾಳ ಚೆನ್ನಾಗಿ ಓದಬಲ್ಲವರೂ ಇದೇ ಗುಂಡಿಗೆ ಬೀಳುತ್ತಿದ್ದಾರೆ.

ಮಂಜೇಶ್ವರದ ನಿವೃತ್ತ ಅಧ್ಯಾಪಕ:

ಬೀಳುತ್ತಾರೆ, ಅಲ್ಲವೆನ್ನುವುದಿಲ್ಲ. ಆದರೆ ಅವರನ್ನು ಮೇಲೆತ್ತಲು ಅವರ ಭಾಷೆಯಲ್ಲಿ ಹಗ್ಗ ಇದೆ. ಶಾಲೆಗಳ ತಂತ್ರಜ್ಞಾನದ ಕೆಲಸ ನೋಡಿಕೊಳ್ಳುವ ಕೇರಳ ಸರಕಾರದ ಕೈಟ್ ಸಂಸ್ಥೆಯವರು 2022ರಲ್ಲಿ ಕೇರಳದ ಶಾಲಾಮಕ್ಕಳಿಗೆ ಸುಳ್ಳು ಸುದ್ದಿಯನ್ನು ಗುರುತಿಸುವ ತರಬೇತಿ ಕೊಟ್ಟರು, ಕಣ್ಣೂರಿನ ಸರಕಾರಿ ಶಾಲೆಗಳಲ್ಲಿ ಅದಕ್ಕೂ ಮೊದಲೇ ‘ಸತ್ಯಮೇವ ಜಯತೇ’ ಎಂಬ ತರಗತಿಗಳು ನಡೆದವು. ಬಹಳ ಒಳ್ಳೆಯ ಕೆಲಸಗಳು. ಮಕ್ಕಳಿಗೆ ಸಿಕ್ಕಿದ ಈ ಪಾಠ ಅಜ್ಜಿಯರಿಗೆ, ಕನ್ನಡದಲ್ಲಿ, ಜಗಲಿಯವರೆಗೆ ಬರಬೇಕೆಂಬುದು ನನ್ನ ಒತ್ತಾಯ.

ಪೆರ್ಲದ ಕೃಷಿಕ:

ಸುಳ್ಳು ಸುದ್ದಿ ಎಂದರೆ ಅಡಿಕೆ ತಿಂದರೆ ಕ್ಯಾನ್ಸರ್ ಬರುತ್ತದೆ ಎಂದು ಹಬ್ಬಿಸುವುದು. ನಮ್ಮ ಹೊಟ್ಟೆಯ ಮೇಲೆ ಹೊಡೆಯುವ ಆ ಪ್ರಚಾರವನ್ನು ಯಾರೂ ನಿಲ್ಲಿಸುವುದಿಲ್ಲ.

ಕಾಲೇಜು ವಿದ್ಯಾರ್ಥಿ, ಕಾಸರಗೋಡು:

ಮಾವ, ನಮ್ಮ ಮನೆಯೂ ಅಡಿಕೆಯಿಂದಲೇ ನಡೆಯುತ್ತದೆ, ಆದ್ದರಿಂದ ಹೇಳುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯನ್ನು 2004ರಲ್ಲಿಯೇ ಮೊದಲ ಗುಂಪಿನ, ಅಂದರೆ ಸಾಕಷ್ಟು ಪುರಾವೆ ಇರುವ, ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಅದು ಸುಳ್ಳೆಂದು ಹೇಳುವ ವೀಡಿಯೊಗಳು ನನ್ನ ಅಪ್ಪನ ಫೋನಿಗೆ ದಿನವೂ ಬರುತ್ತವೆ, ಏಕೆಂದರೆ ಅವರು ಅಡಿಕೆ ಧಾರಣೆಯನ್ನು ದಿನವೂ ನೋಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಕಷಾಯ, ಅಡಿಕೆಯವರಿಗೆ ಇದು. ನಮಗೆ ಯಾವ ಮಾತು ಹಿತವೆಂದು ಅದಕ್ಕೆ ತಿಳಿದಿದೆ.

ಪೆರ್ಲದ ಕೃಷಿಕ:

ನಾನು ಒಪ್ಪುವುದಿಲ್ಲ. ಆದರೆ ನನ್ನ ಫೋನಿಗೂ ಆ ವೀಡಿಯೊಗಳು ಬರುತ್ತವೆ ಎಂಬುದು ಹೌದು.

ಬದಿಯಡ್ಕದ ಆಶಾ ಕಾರ್ಯಕರ್ತೆ:

ಅಡಿಕೆಯ ಜಗಳ ಇನ್ನೊಮ್ಮೆ ಆಗಲಿ. ಮಗಳೇ, ಆ ಪುಡಿ ಮಾರುವವರಿಗೆ ಅಮ್ಮನ ನಂಬರು ಹೇಗೆ ಸಿಕ್ಕಿತು?

ನೀರ್ಚಾಲಿನ ಮಗಳು:

ಎಲ್ಲರ ಮಾತನ್ನೂ ಎರಡೆರಡು ಬಾರಿ ಓದಿದೆ. ವೀಡಿಯೊದ ಕೆಳಗೆ ‘ಉಚಿತ ಪಥ್ಯದ ಪಟ್ಟಿ’ ಎಂದಿತ್ತಂತೆ. ಒತ್ತಿದಾಗ ಹೆಸರು, ವಯಸ್ಸು, ನಂಬರು, ಎಷ್ಟು ವರ್ಷದಿಂದ ಸಕ್ಕರೆ ಕಾಯಿಲೆ ಎಂದು ಕೇಳಿದೆ; ಪಕ್ಕದ ಮನೆಯ ಹುಡುಗನ ಕೈಯಲ್ಲಿ ಅಮ್ಮ ತುಂಬಿಸಿದ್ದಾರೆ. ಮರುದಿನವೇ ಫೋನು ಬಂತು. ಆ ಹೆಣ್ಣುಮಗಳು ‘ಅಮ್ಮಾ’ ಎಂದು ಕರೆದು, ಊಟವಾಯಿತೇ ಎಂದು ಕೇಳಿ, ಆಮೇಲೆ ಪುಡಿಯ ವಿಷಯ ತೆಗೆದಳಂತೆ.

ಮುಳ್ಳೇರಿಯ ಮೂಲದವನು, ಈಗ ಬೆಂಗಳೂರು:

ಹಾಗೆ ತುಂಬಿದ ಪಟ್ಟಿ ಒಬ್ಬರ ಬಳಿಯೇ ಉಳಿಯುತ್ತದೆಯೆಂದು ತಿಳಿಯಬೇಡಿ, ಇಂಥವು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಒಬ್ಬರಿಂದ ಎಷ್ಟು ಜನರ ವಿವರ ಹೊರಗೆ ಹೋಗಬಹುದೆಂಬುದಕ್ಕೆ ಫೇಸ್‌ಬುಕ್ ಬಳಸುವವರ ವಿವರಗಳು ಒಂದು ಆಪಿನ ಮೂಲಕ ರಾಜಕೀಯ ಪ್ರಚಾರದ ಕಂಪೆನಿಯ ಕೈಸೇರಿದ ಕೇಂಬ್ರಿಡ್ಜ್ ಅನಲಿಟಿಕಾ ಪ್ರಕರಣವನ್ನು ನೆನಪಿಸಿಕೊಳ್ಳಿ: ಭಾರತದಲ್ಲಿ ಆ ರಸಪ್ರಶ್ನೆಯ ಆಪನ್ನು ಹಾಕಿಕೊಂಡವರು 335 ಮಂದಿ, ಅವರ ಗೆಳೆಯರೂ ಸೇರಿ ವಿವರ ಸೋರಿಹೋಗಿರಬಹುದಾದವರು 5,62,455 ಮಂದಿ ಎಂದು 2018ರಲ್ಲಿ ಫೇಸ್‌ಬುಕ್ಕೇ ತಿಳಿಸಿತು. ವೈಯಕ್ತಿಕ ಡೇಟಾ ರಕ್ಷಣೆಗೆ ನಮ್ಮಲ್ಲಿ 2023ರಲ್ಲಿ ಕಾಯ್ದೆ ಬಂದಿದೆ, ಆದರೆ ಇವತ್ತು ರಾತ್ರಿಯೇ ನೀವು ಮಾಡಬಹುದಾದದ್ದೂ ಇದೆ. ಯೂಟ್ಯೂಬಿನಲ್ಲಿ ಅಮ್ಮನ ವೀಕ್ಷಣೆಯ ಇತಿಹಾಸವನ್ನು ಅಳಿಸಿ, ಆಫ್ ಮಾಡಿ. ಆಗ ಮುಖಪುಟದಲ್ಲಿ ಸೂಚನೆಯ ವೀಡಿಯೊಗಳು ಬರುವುದು ನಿಲ್ಲುತ್ತದೆ. ಅವರಿಗೆ ಬೇಕಾದ ಚಾನೆಲುಗಳಿಗೆ ಚಂದಾದಾರರನ್ನಾಗಿ ಮಾಡಿ, ಒಂದು ಮುಗಿದ ಕೂಡಲೇ ಇನ್ನೊಂದನ್ನು ತಾನೇ ತೋರಿಸುವ ಆಟೋಪ್ಲೇ ನಿಲ್ಲಿಸಿ. ಫೋನಿನ ಸೆಟ್ಟಿಂಗಿನಲ್ಲಿ ಗೂಗಲ್, ಅದರೊಳಗೆ ಜಾಹೀರಾತು ಎಂಬಲ್ಲಿ ಜಾಹೀರಾತಿನವರಿಗೆ ಫೋನನ್ನು ಗುರುತಿಸಿಕೊಡುವ ಜಾಹೀರಾತು ಐಡಿಯನ್ನು ಅಳಿಸಿ. ಇದನ್ನೆಲ್ಲ ಅವರ ಪಕ್ಕದಲ್ಲಿ ಕುಳಿತು, ಅವರಿಗೆ ತೋರಿಸಿಕೊಂಡೇ ಮಾಡಿ.

ಅಕ್ಷಯ ಕೇಂದ್ರದಲ್ಲಿ ಕೆಲಸ:

ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದೇ ಅಪರಾಧ. 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹದ ಹೆಸರಿದೆ. ರಾಜ್ಯದ ಡ್ರಗ್ಸ್ ಕಂಟ್ರೋಲ್ ಇಲಾಖೆಗೆ ದೂರು ಕೊಡಬಹುದು.

ನೀರ್ಚಾಲಿನ ಮಗಳು:

ಭಾನುವಾರ ತಮ್ಮನೂ ನಾನೂ ಅಮ್ಮನನ್ನು ನಡುವೆ ಕುಳ್ಳಿರಿಸಿಕೊಂಡು, ಹೇಳಿದ್ದೆಲ್ಲವನ್ನೂ ಮಾಡಿದೆವು. ಇತಿಹಾಸವನ್ನು ಆಫ್ ಮಾಡಿದ ಕೂಡಲೇ ಮುಖಪುಟ ಬರಿದಾಯಿತು. ಅಮ್ಮ ಗಾಬರಿಯಿಂದ ‘ತಾಳಮದ್ದಳೆಯೂ ಹೋಯಿತೇ?’ ಎಂದು ಕೇಳಿದರು. ಮೂರು ಯಕ್ಷಗಾನದ ಚಾನೆಲುಗಳನ್ನು ಹುಡುಕಿ ಸೇರಿಸಿಕೊಟ್ಟೆವು. ಲೆಕ್ಕದ ಪುಸ್ತಕದಲ್ಲಿ ಈಗ ಅವರೇ ಹೊಸ ಪುಟ ತೆರೆದು, ಮಾತ್ರೆಗೆ ಗೀಟು ಹಾಕುತ್ತಿದ್ದಾರೆ. ಪುಡಿಯವರ ಫೋನು ಮಾತ್ರ ನಿಂತಿಲ್ಲ. ನಿನ್ನೆ ಮಧ್ಯಾಹ್ನ ಬಂದಾಗ ಅಮ್ಮ ಏನೂ ಮಾತಾಡದೆ ಫೋನನ್ನು ನನ್ನ ಕೈಗೆ ಕೊಟ್ಟರು. ದೂರು ಕೊಡಲು ಯಾವ ಯಾವ ದಾಖಲೆ ಬೇಕು?

ಅಕ್ಷಯ ಕೇಂದ್ರದಲ್ಲಿ ಕೆಲಸ:

ಡಬ್ಬಿಗಳನ್ನು ಬಿಸಾಡಬೇಡಿ. ಲೇಬಲ್ಲು, ಬ್ಯಾಚ್ ಸಂಖ್ಯೆ, ಪಾರ್ಸೆಲಿನ ಚೀಟಿ, ಕರೆ ಬಂದ ನಂಬರುಗಳು, ಆ ವೀಡಿಯೊದ ಸ್ಕ್ರೀನ್‌ಶಾಟ್, ಇಷ್ಟನ್ನು ತನ್ನಿ. ದೂರನ್ನು ಕನ್ನಡದಲ್ಲಿಯೇ ಬರೆಯೋಣ.

ಬದಿಯಡ್ಕದ ಆಶಾ ಕಾರ್ಯಕರ್ತೆ:

ಬುಧವಾರ ನಿಮ್ಮ ಕಡೆ ಬರುವುದಿದೆ, ಅಮ್ಮನ ಸಕ್ಕರೆ ನೋಡಲು ಗ್ಲುಕೋಮೀಟರ್ ತರುತ್ತೇನೆ. ಅದೇ ಪುಡಿ ತರಿಸಿಕೊಂಡ ಇನ್ನೂ ಇಬ್ಬರು ನನಗೆ ಗೊತ್ತು, ಅವರ ಡಬ್ಬಿಗಳನ್ನೂ ಕೇಳಿ ತರುತ್ತೇನೆ.